ವರ್ತಕರನ್ನು ಒಂದುಗೂಡಿಸಿದ ಇಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯನವರು ಯಾರು ಎಂದು ತರಗತಿಯಲ್ಲಿ ಕೇಳಿದರೆ ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು ಎಂಬ ಉತ್ತರ ಥಟ್ಟನೆ ಬರುತ್ತದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಉತ್ತರ ಸರಿಯೇ, ಆದರೆ ಪೂರ್ಣವಲ್ಲ. ಹರಿಯುವ ನೀರನ್ನು ಒಂದೆಡೆ ನಿಲ್ಲಿಸಿದ ಈ ಮಹನೀಯರು, ಚದುರಿ ಹೋಗಿದ್ದ ವ್ಯಾಪಾರಿಗಳನ್ನೂ ಒಂದೆಡೆ ಕೂರಿಸಿದರು. ಅವರ ಪ್ರಯತ್ನದಿಂದ 1916ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್, ಅಂದರೆ ಮೈಸೂರು ವಾಣಿಜ್ಯ ಸಂಸ್ಥೆ, ಹುಟ್ಟಿತು. 2016ರಲ್ಲಿ ಅದಕ್ಕೆ ನೂರು ವರ್ಷ ತುಂಬಿತು. ಇಂದಿಗೂ ಅದು ಕೆಲಸ ಮಾಡುತ್ತಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಮ್ಮ ಸುತ್ತಲಿನ ಊರುಗಳು. ಇಲ್ಲಿ ಅಂಗಡಿ, ಮಂಡಿ, ಗ್ಯಾರೇಜು, ಗುಜರಿ, ಹಣ್ಣಿನ ಗಾಡಿಗಳನ್ನು ನಂಬಿ ಬದುಕುವ ಕುಟುಂಬಗಳು ಬಹಳ. ಆ ಮನೆಗಳ ಮಕ್ಕಳು ವಿಶ್ವೇಶ್ವರಯ್ಯನವರ ಬದುಕಿನ ಈ ಇನ್ನೊಂದು ಮುಖವನ್ನು ತಿಳಿಯುವುದು ಅಗತ್ಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹೈಸ್ಕೂಲು ಮುಗಿಸುವ ಮೊದಲೇ ತಂದೆ ತೀರಿಕೊಂಡರು. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಆದರೆ ಹಣವಿರಲಿಲ್ಲ. ಬಾಲಕ ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದ. ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ತನ್ನ ಖರ್ಚನ್ನು ತಾನೇ ನೋಡಿಕೊಂಡ. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ.

ಮುಂದೆ ಓದಲು ಶಕ್ತಿಯಿಲ್ಲದಿದ್ದಾಗ ಕೈಹಿಡಿದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಅದರ ಬಲದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದ ಅವರು 1883ರಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. ಒಂದು ವಿದ್ಯಾರ್ಥಿವೇತನ ಒಬ್ಬ ಬಡ ಹುಡುಗನನ್ನು ಎಲ್ಲಿಗೆ ತಲುಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಮ್ಮ ಸಂಘ ಸಂಸ್ಥೆಗಳು ವಿದ್ಯಾರ್ಥಿವೇತನಕ್ಕೆಂದು ಹಣ ಕೂಡಿಸುವಾಗ ಇದನ್ನು ನೆನಪಿನಲ್ಲಿಡಬೇಕು.

ಸಿಂಧ್, ಏಡನ್ ಮತ್ತು ಹೈದರಾಬಾದ್

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದ ವಿಶ್ವೇಶ್ವರಯ್ಯನವರು ಖಾನದೇಶ, ನಾಸಿಕ, ಪುಣೆಗಳಲ್ಲಿ ಕೆಲಸ ಮಾಡಿದರು. ಇಂದು ಪಾಕಿಸ್ತಾನದಲ್ಲಿರುವ ಸಿಂಧ್ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಸಕ್ಕರ್ ಪಟ್ಟಣದ ಜನ ಸಿಂಧೂ ನದಿಯ ಕೆಸರು ನೀರನ್ನೇ ಕುಡಿಯುತ್ತಿದ್ದರು. ನದಿಯ ಪಾತ್ರದಲ್ಲೇ ಬಾವಿ ತೋಡಿ, ಮರಳಿನಿಂದ ಸೋಸಿ ಬರುವ ತಿಳಿನೀರನ್ನು ಊರಿಗೆ ಕೊಡುವ ವ್ಯವಸ್ಥೆಯನ್ನು ಅವರು ಮಾಡಿದರು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಲಾಯಿತು. 1906ರಲ್ಲಿ ಅರಬ್ ಕರಾವಳಿಯ ಏಡನ್ ಬಂದರಿಗೆ ಹೋಗಿ ಅಲ್ಲಿನ ಕುಡಿಯುವ ನೀರು ಮತ್ತು ಚರಂಡಿಗೆ ಯೋಜನೆ ಕೊಟ್ಟು ಬಂದರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ವಿಶ್ವೇಶ್ವರಯ್ಯನವರು ಆಗ ಮುಂಬಯಿ ಸೇವೆಯಿಂದ ಬಿಡುವು ಪಡೆದು ವಿದೇಶ ಪ್ರವಾಸದಲ್ಲಿದ್ದರು. ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ಅವರನ್ನು ಕರೆಸಿಕೊಂಡಿತು. ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸೂಚಿಸಿದರು. ಮುಂದೆ ಕಟ್ಟಲಾದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಇದರ ಫಲ. ಪ್ರವಾಹದಿಂದ ಊರನ್ನು ಕಾಯಲು ಕಟ್ಟಿದ ಈ ಕೆರೆಗಳು ಹೈದರಾಬಾದಿನ ಜನರಿಗೆ ಕುಡಿಯುವ ನೀರನ್ನೂ ಕೊಟ್ಟವು.

ತಾಯ್ನಾಡಿಗೆ ಮರಳಿದಾಗ

1909ರ ನವೆಂಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಅವರನ್ನು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ನೇಮಿಸಿತು. ನಮ್ಮ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅದಕ್ಕೆ ಎರಡು ವರ್ಷ ಮೊದಲೇ, 1907ರಲ್ಲಿ, ಮುಗಿದಿತ್ತು. ಇದನ್ನೂ ವಿಶ್ವೇಶ್ವರಯ್ಯನವರೇ ಕಟ್ಟಿಸಿದರೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 1898ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರು ರಾಜಪ್ರತಿನಿಧಿಯಾಗಿದ್ದಾಗ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಕೆಲಸ ಆರಂಭವಾಗಿತ್ತು. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ನೀರಿಗಾಗಿ ನಮ್ಮ ಸೀಮೆ ಎಷ್ಟು ಕಾಯಬೇಕಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ನೀರು ಇದ್ದ ಮಾತ್ರಕ್ಕೆ ಜನ ಸ್ಥಿತಿವಂತರಾಗುವುದಿಲ್ಲ ಎಂಬುದನ್ನು ವಿಶ್ವೇಶ್ವರಯ್ಯನವರು ಬೇಗ ಕಂಡುಕೊಂಡಿದ್ದರು. ಬೆಳೆದದ್ದನ್ನು ಕೊಳ್ಳುವವರು ಬೇಕು, ಸಾಗಿಸಲು ರೈಲು ಬೇಕು, ಸಾಲಕ್ಕೆ ಬ್ಯಾಂಕು ಬೇಕು, ಲೆಕ್ಕ ಬರೆಯಲು ಓದು ಬೇಕು. ಅವರು 1898ರಲ್ಲಿಯೇ ಜಪಾನಿಗೆ ಹೋಗಿ ಬಂದಿದ್ದರು. ಒಂದು ಸಣ್ಣ ದೇಶ ಶಾಲೆ ಮತ್ತು ಕೈಗಾರಿಕೆಗಳಿಂದ ಮೇಲೆದ್ದ ಬಗೆಯನ್ನು ಕಣ್ಣಾರೆ ಕಂಡಿದ್ದರು.

ಅವರ ಸಲಹೆಯಂತೆ 1911ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಸ್ಥಾಪನೆಯಾಯಿತು. ಕನ್ನಡದಲ್ಲಿ ಇದನ್ನು ಮೈಸೂರು ಸಂಪದಭ್ಯುದಯ ಸಮಾಜ ಎಂದು ಕರೆದರು. ಕೃಷಿಗೆ ಒಂದು, ವಿದ್ಯಾಭ್ಯಾಸಕ್ಕೆ ಒಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದು, ಹೀಗೆ ಮೂರು ಸಮಿತಿಗಳು. ಅಧಿಕಾರಿಗಳ ಜೊತೆ ರೈತರು, ವರ್ತಕರು, ವಿದ್ಯಾವಂತರೂ ಸದಸ್ಯರು. ಜಿಲ್ಲೆ ತಾಲ್ಲೂಕುಗಳಲ್ಲೂ ಇದರ ಸಮಿತಿಗಳು ನಡೆದವು. ಸರ್ಕಾರ ಎಂದರೆ ಅರ್ಜಿ ಹಿಡಿದು ಹೊರಗೆ ನಿಲ್ಲುವ ಜಾಗ ಎಂದುಕೊಂಡಿದ್ದ ಕಾಲದಲ್ಲಿ, ಅಧಿಕಾರಿಯೂ ವ್ಯಾಪಾರಿಯೂ ಒಂದೇ ಮೇಜಿನ ಮುಂದೆ ಕುಳಿತದ್ದು ದೊಡ್ಡ ಸಂಗತಿಯೇ ಸರಿ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಈ ಸಮಾಜದಲ್ಲಿ ನಡೆದ ಚರ್ಚೆಗಳಿಂದಲೇ. ಭಾಷೆಯ ಪರಿಷತ್ತು ಮತ್ತು ವ್ಯಾಪಾರಿಗಳ ಸಂಸ್ಥೆ ಒಂದೇ ಮನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದವು ಎಂಬುದು ಕನ್ನಡ ಕಲಿಸುವ ನಮ್ಮಂತಹವರಿಗೆ ಸಂತೋಷದ ವಿಷಯ.

ವರ್ತಕರ ಅಂಜುಮನ್

ವಿಶ್ವೇಶ್ವರಯ್ಯನವರು 1912ರ ನವೆಂಬರ್‌ನಲ್ಲಿ ದಿವಾನರಾದರು. ಈ ಪದವಿಯನ್ನು ಒಪ್ಪುವ ಮುನ್ನ, ಬಂಧುಗಳಾರೂ ಶಿಫಾರಸು ಕೇಳಿಕೊಂಡು ತಮ್ಮ ಬಳಿ ಬರಬಾರದೆಂದು ತಾಯಿಯ ಮುಂದೆಯೇ ಷರತ್ತು ಹಾಕಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ.

ಚೇಂಬರ್ ಆಫ್ ಕಾಮರ್ಸ್ ಎಂಬುದು ಭಾರತಕ್ಕೆ ಆಗ ಹೊಸದಾಗಿರಲಿಲ್ಲ. ಮದರಾಸು ಮತ್ತು ಮುಂಬಯಿಗಳಲ್ಲಿ 1836ರಲ್ಲಿಯೇ ಇಂತಹ ಸಂಸ್ಥೆಗಳು ಹುಟ್ಟಿದ್ದವು. ಆದರೆ ಅವುಗಳನ್ನು ನಡೆಸುತ್ತಿದ್ದವರು ಯುರೋಪಿಯನ್ ವರ್ತಕರು. ಭಾರತೀಯರು ತಮ್ಮದೇ ಸಂಸ್ಥೆಗಳನ್ನು ಕಟ್ಟಿಕೊಳ್ಳಲು ಬಹಳ ಕಾಲ ಹಿಡಿಯಿತು. ಕಲ್ಕತ್ತೆಯಲ್ಲಿ 1887ರಲ್ಲಿ, ಮುಂಬಯಿಯಲ್ಲಿ 1907ರಲ್ಲಿ, ಮದರಾಸಿನಲ್ಲಿ 1909ರಲ್ಲಿ ಅವು ಆರಂಭವಾದವು. ಮೈಸೂರಿನ ಸರದಿ ಬಂದದ್ದು 1916ರಲ್ಲಿ. ಉಳಿದ ಕಡೆ ವರ್ತಕರು ಸಂಸ್ಥೆ ಕಟ್ಟಿಕೊಂಡು ಸರ್ಕಾರದ ಬಾಗಿಲು ತಟ್ಟಿದರೆ, ಮೈಸೂರಿನಲ್ಲಿ ದಿವಾನರೇ ಮುಂದೆ ನಿಂತು ವರ್ತಕರಿಗೆ ಸಂಸ್ಥೆ ಕಟ್ಟಿಕೊಳ್ಳುವಂತೆ ಹೇಳಿದರು.

ಆ ಕಾಲದ ಪರಿಸ್ಥಿತಿಯನ್ನೂ ಗಮನಿಸಬೇಕು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿತ್ತು. ಹಡಗುಗಳ ಸಂಚಾರ ಕಡಿಮೆಯಾಗಿ ಹೊರದೇಶದ ಸಾಮಾನು ಬರುವುದು ದುಸ್ತರವಾಯಿತು, ಬೆಲೆ ಏರಿತು. ಮೈಸೂರಿನ ಶ್ರೀಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿತು. ಮರವನ್ನು ಮಾರಿ ಕೈಕಟ್ಟಿ ಕೂರುವ ಬದಲು ಇಲ್ಲಿಯೇ ಎಣ್ಣೆ ತೆಗೆಯೋಣವೆಂದು ಸರ್ಕಾರ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ಕಚ್ಚಾ ಮಾಲನ್ನು ಹೊರಗೆ ಕಳಿಸಿ ಸಿದ್ಧ ವಸ್ತುವನ್ನು ದುಬಾರಿ ಬೆಲೆಗೆ ಕೊಳ್ಳುವ ಊರು ಎಂದೂ ಮುಂದೆ ಬರುವುದಿಲ್ಲ ಎಂಬ ಪಾಠವನ್ನು ಯುದ್ಧ ಕಲಿಸಿತ್ತು.

ಇಂತಹ ಸಮಯದಲ್ಲಿ ಒಬ್ಬೊಬ್ಬ ವರ್ತಕ ಒಂದೊಂದು ಅರ್ಜಿ ಬರೆದರೆ ಪ್ರಯೋಜನವಿಲ್ಲ. ರೈಲು ವ್ಯಾಗನ್ ಸಿಗಲಿಲ್ಲ, ಸಾಗಾಣಿಕೆ ದರ ಹೆಚ್ಚಾಯಿತು, ತೆರಿಗೆಯ ನಿಯಮ ತಿಳಿಯಲಿಲ್ಲ ಎಂಬ ದೂರುಗಳನ್ನು ಎಲ್ಲರ ಪರವಾಗಿ ಒಂದೇ ದನಿಯಲ್ಲಿ ಹೇಳುವವರು ಬೇಕು. ಸರ್ಕಾರಕ್ಕೂ ಅಷ್ಟೇ. ಯಾವ ಸರಕು ಎಷ್ಟಿದೆ, ಯಾವ ತೆರಿಗೆಯಿಂದ ಯಾರಿಗೆ ತೊಂದರೆ ಎಂದು ಕೇಳಬೇಕಾದರೆ ಯಾರನ್ನು ಕೇಳುವುದು? ಈ ಎರಡೂ ಕೊರತೆಯನ್ನು ವಾಣಿಜ್ಯ ಸಂಸ್ಥೆ ತುಂಬಿತು. ವರ್ತಕರ ನಡುವಿನ ವ್ಯಾಜ್ಯವನ್ನು ಕೋರ್ಟಿಗೆ ಹೋಗುವ ಮೊದಲು ಕುಳಿತು ಬಗೆಹರಿಸುವುದು, ಪೇಟೆಯ ವರ್ತಮಾನ ತಿಳಿಸುವುದು, ಹೊರದೇಶಕ್ಕೆ ಹೋಗುವ ಮಾಲು ಇದೇ ನಾಡಿನದೆಂದು ಪ್ರಮಾಣಪತ್ರ ಕೊಡುವುದು, ಇವೆಲ್ಲ ಜಗತ್ತಿನೆಲ್ಲೆಡೆ ಇಂತಹ ಸಂಸ್ಥೆಗಳ ಕೆಲಸ. ಉರ್ದುವಿನಲ್ಲಿ ನಾವು ಅಂಜುಮನ್ ಎನ್ನುವುದು ಇದನ್ನೇ. ಜನ ಒಂದು ಉದ್ದೇಶಕ್ಕಾಗಿ ಸೇರುವ ಸಭೆ ಎಂದು ಅದರ ಅರ್ಥ. ವಿಶ್ವೇಶ್ವರಯ್ಯನವರು ತಿಜಾರತ್ ಮಾಡುವವರಿಗೆ ಒಂದು ಅಂಜುಮನ್ ಕಟ್ಟಿಕೊಟ್ಟರು ಎಂದರೆ ತಪ್ಪಾಗಲಾರದು.

ಶಾಲೆ, ಬ್ಯಾಂಕು ಮತ್ತು ಸಂಘ

ವಾಣಿಜ್ಯ ಸಂಸ್ಥೆಯನ್ನು ಅವರು ಒಂಟಿಯಾಗಿ ನಿಲ್ಲಿಸಲಿಲ್ಲ. ಅದಕ್ಕೆ ಮೂರು ವರ್ಷ ಮೊದಲೇ, 1913ರಲ್ಲಿ, ಮೈಸೂರು ಬ್ಯಾಂಕು ಆರಂಭವಾಗಿತ್ತು. ಅದೇ ವರ್ಷ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು. ಅವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆಯೂ ಮಕ್ಕಳ ಸಂಖ್ಯೆಯೂ ದುಪ್ಪಟ್ಟಿಗಿಂತ ಹೆಚ್ಚಾದವು. ಮೈಸೂರಿನಿಂದ ಅರಸೀಕೆರೆಗೆ ರೈಲು ದಾರಿಯೂ ಆ ಕಾಲದ್ದೇ.

ಶಾಲೆ ಲೆಕ್ಕ ಕಲಿಸುತ್ತದೆ. ಬ್ಯಾಂಕು ಲೆಕ್ಕ ಇಟ್ಟವನಿಗೆ ಸಾಲ ಕೊಡುತ್ತದೆ. ಸಂಘ ಸಾಲ ಪಡೆದು ವ್ಯಾಪಾರ ಮಾಡುವವನ ಪರವಾಗಿ ಮಾತನಾಡುತ್ತದೆ. ಈ ಮೂರರಲ್ಲಿ ಒಂದನ್ನು ತೆಗೆದರೆ ಉಳಿದ ಎರಡೂ ಸೊರಗುತ್ತವೆ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೂ ಬೆಂಗಳೂರಿನ ಕೆಂಪೇಗೌಡ ರಸ್ತೆಯ ತುದಿಯ ವೃತ್ತವನ್ನು ಜನ ಇಂದಿಗೂ ಮೈಸೂರು ಬ್ಯಾಂಕ್ ಸರ್ಕಲ್ ಎಂದೇ ಕರೆಯುತ್ತಾರೆ. ವಾಣಿಜ್ಯ ಸಂಸ್ಥೆಯ ಕಟ್ಟಡವೂ ಅದೇ ರಸ್ತೆಯಲ್ಲಿದೆ.

ಒಂದು ಕಠಿಣ ಪ್ರಶ್ನೆ

ದೊಡ್ಡವರ ಜೀವನವನ್ನು ಬರೆಯುವಾಗ ಬರೀ ಹೊಗಳಿ ಮುಗಿಸುವುದು ನ್ಯಾಯವಲ್ಲ. ವಿಶ್ವೇಶ್ವರಯ್ಯನವರು 1918ರ ಡಿಸೆಂಬರ್‌ನಲ್ಲಿ ದಿವಾನಗಿರಿ ಬಿಟ್ಟ ಕಾರಣ ನಮ್ಮ ಓದುಗರಿಗೆ ತಿಳಿದಿರಬೇಕು. ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಬಹುಪಾಲು ಒಂದೇ ಸಮುದಾಯದವರ ಕೈಯಲ್ಲಿದ್ದವು. ಉಳಿದವರಿಗೂ ಪಾಲು ಬೇಕೆಂಬ ಕೂಗು ಎದ್ದಿತು. ಇದನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಸಮುದಾಯದ ಆಧಾರದ ಮೇಲೆ ನೌಕರಿ ಹಂಚುವುದು ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೇ ಅಳತೆಗೋಲಾಗಬೇಕು, ಹಿಂದುಳಿದವರಿಗೆ ಓದಿನಲ್ಲಿ ನೆರವು ಕೊಡಬೇಕು ಎಂಬುದು ಅವರ ನಿಲುವು. ಅವರು ಹುದ್ದೆಯಿಂದ ನಿರ್ಗಮಿಸಿದರು. ಮಿಲ್ಲರ್ ಸಮಿತಿಯ ಶಿಫಾರಸಿನ ಮೇಲೆ 1921ರಲ್ಲಿ ಆದೇಶ ಹೊರಟಿತು. ಅದರಲ್ಲಿ ಹಿಂದುಳಿದವರೆಂದು ಗುರುತಿಸಲಾದ ಸಮುದಾಯಗಳಲ್ಲಿ ಮುಸ್ಲಿಮರೂ ಇದ್ದರು.

ಇಂದು ಹಿಂದಿರುಗಿ ನೋಡಿದರೆ ಎರಡೂ ಬೇಕಾಗಿತ್ತು ಎನಿಸುತ್ತದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ತೆರೆದ ಶಾಲೆಗಳಿಲ್ಲದಿದ್ದರೆ ಮೀಸಲಾದ ಹುದ್ದೆಗೆ ಅರ್ಜಿ ಹಾಕಲು ನಮ್ಮವರಲ್ಲಿ ಓದಿದವರೇ ಇರುತ್ತಿರಲಿಲ್ಲ. ಮಿಲ್ಲರ್ ಆದೇಶವಿಲ್ಲದಿದ್ದರೆ ಓದಿದವರೂ ಬಾಗಿಲಾಚೆ ನಿಂತಿರುತ್ತಿದ್ದರು. ಬಾಗಿಲು ತೆರೆದಿಟ್ಟರೆ ಸಾಲದು, ಹತ್ತಿ ಬರಲು ಮೆಟ್ಟಿಲೂ ಬೇಕು. ಅವರನ್ನು ಗೌರವಿಸುತ್ತಲೇ ಈ ಮಾತನ್ನು ಹೇಳಬಹುದು.

ದಣಿವರಿಯದ ಮುಪ್ಪು

ಹುದ್ದೆ ಬಿಟ್ಟಾಗ ಅವರಿಗೆ 57 ವರ್ಷ. ಇನ್ನು ವಿಶ್ರಾಂತಿ ಎನ್ನುವ ವಯಸ್ಸು. ಆದರೆ ಅವರು ಮತ್ತೆ ಲೋಕ ಸುತ್ತಿ ಬಂದು ದೇಶದ ಪುನರ್ನಿರ್ಮಾಣದ ಬಗ್ಗೆ ಪುಸ್ತಕ ಬರೆದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದು ನಷ್ಟದಲ್ಲಿ ತತ್ತರಿಸಿದಾಗ ಆಡಳಿತದ ಹೊಣೆ ಹೊತ್ತು 1929ರವರೆಗೆ ದುಡಿದು ಅದನ್ನು ನಿಲ್ಲಿಸಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಪ್ರಕಟಿಸಿದರು. ಪಂಚವಾರ್ಷಿಕ ಯೋಜನೆಗಳು ಬಂದದ್ದು 1951ರಲ್ಲಿ.

1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಕೈಗಾರಿಕೆಯ ಈ ದಾರಿಯನ್ನೇ ಮುಂದುವರಿಸಿದರು. ಕುದುರೆ ವ್ಯಾಪಾರಕ್ಕಾಗಿ ಇರಾನಿನ ಶೀರಾಜಿನಿಂದ ಬೆಂಗಳೂರಿಗೆ ಬಂದ ಅಲಿ ಅಸ್ಕರ್ ಅವರ ಮೊಮ್ಮಗ ಮಿರ್ಜಾ. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುತ್ ದೀಪದ ಕಾರ್ಖಾನೆಗಳು ಅವರ ಕಾಲದಲ್ಲಿ ಬಂದವು. ಬೆಂಗಳೂರಿನಲ್ಲಿ ಮೋಟಾರು ಕಾರಿನ ಕಾರ್ಖಾನೆಗಾಗಿ ವಿಶ್ವೇಶ್ವರಯ್ಯನವರು ಬಹಳ ಶ್ರಮಿಸಿದರು, ಬ್ರಿಟಿಷ್ ಸರ್ಕಾರದ ಅಡ್ಡಿಯಿಂದ ಅದು ಕೈಗೂಡಲಿಲ್ಲ. ಆದರೆ 1940ರಲ್ಲಿ ಅದೇ ಊರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು.

1941ರಲ್ಲಿ, 80ರ ವಯಸ್ಸಿನಲ್ಲಿ, ಅವರು ಇಡೀ ದೇಶದ ಉದ್ಯಮಿಗಳಿಗಾಗಿ ಅಖಿಲ ಭಾರತ ತಯಾರಕರ ಸಂಘವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ನಾಡಿನ ಮಟ್ಟಿಗೆ ಮಾಡಿದ್ದನ್ನು ದೇಶದ ಮಟ್ಟಿಗೂ ಮಾಡಿದರು. 1955ರಲ್ಲಿ ಭಾರತರತ್ನ ಬಂದಿತು. ನೂರು ವರ್ಷ ತುಂಬಿದ ಬಳಿಕ, 1962ರ ಏಪ್ರಿಲ್‌ನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ನಮ್ಮ ಊರುಗಳಿಗೆ ಇದರ ಪಾಠ

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ನಂತರದ ದಿನಗಳಲ್ಲಿ ಮೈಸೂರು ವಾಣಿಜ್ಯ ಸಂಸ್ಥೆಯೂ ಹೆಸರು ಬದಲಿಸಿಕೊಂಡು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಯಿತು. ಜಿಲ್ಲೆಗಳ ವಾಣಿಜ್ಯ ಸಂಘಗಳು ಇದರೊಂದಿಗೆ ಸಂಬಂಧ ಹೊಂದಿವೆ. ಸ್ಥಾಪಕರ ಹೆಸರಿನಲ್ಲಿ ಸಂಸ್ಥೆ ಪ್ರಶಸ್ತಿಯನ್ನೂ ಕೊಡುತ್ತಾ ಬಂದಿದೆ. 2005ರಲ್ಲಿ ವ್ಯಾಟ್ ಬಂದಾಗ, 2017ರಲ್ಲಿ ಜಿಎಸ್‌ಟಿ ಬಂದಾಗ ಅಂಗಡಿಯವರೆಲ್ಲ ಗಾಬರಿಯಾದರು. ಇಂತಹ ಹೊತ್ತಿನಲ್ಲಿ ಸಂಘದಲ್ಲಿದ್ದವನಿಗೆ ಕೇಳಲು ಒಂದು ಜಾಗವಿರುತ್ತದೆ. ಹೊರಗಿದ್ದವನು ಪಕ್ಕದ ಅಂಗಡಿಯವನ ಮಾತನ್ನೇ ನಂಬಬೇಕಾಗುತ್ತದೆ.

ನಮ್ಮ ಜಿಲ್ಲೆಯ ವ್ಯಾಪಾರ ಸಣ್ಣದೇನಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಗಳು, ಭೀಮಸಮುದ್ರದ ಅಡಿಕೆ, ಹೊಸದುರ್ಗ ಹೊಳಲ್ಕೆರೆಗಳ ತೆಂಗು ಅಡಿಕೆ ಹೆಸರಾದವು. ಹಿರಿಯೂರಿನಲ್ಲಿ ಬೆಂಗಳೂರು ಪುಣೆ ಹೆದ್ದಾರಿಯೂ ಬಳ್ಳಾರಿಯ ದಾರಿಯೂ ಕೂಡುತ್ತವೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲು ಜಂಕ್ಷನ್. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯೂ 1997ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು. ಸರಕಿಗೂ ದಾರಿಗೂ ಕೊರತೆಯಿಲ್ಲ.

ಕೊರತೆ ಇರುವುದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಹುಡುಗ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅಂಗಡಿಗೆ ಕೂರಿಸುವ ಅಭ್ಯಾಸ ಇನ್ನೂ ಪೂರ್ಣ ಹೋಗಿಲ್ಲ. ಹುಡುಗ ವ್ಯಾಪಾರ ಕಲಿಯುತ್ತಾನೆ, ನಿಜ. ಆದರೆ ಲೆಕ್ಕವೆಲ್ಲ ಬಾಯಲ್ಲೇ ಇರುತ್ತದೆ. ರಸೀದಿ ಪುಸ್ತಕವಿಲ್ಲ, ತೆರಿಗೆ ನೋಂದಣಿಯಿಲ್ಲ, ಬ್ಯಾಂಕಿಗೆ ತೋರಿಸಲು ಕಾಗದವಿಲ್ಲ. ಹಾಗಾಗಿ ಸಾಲಕ್ಕೆ ಮೀಟರ್ ಬಡ್ಡಿಯವನೇ ಗತಿ. ವಾಣಿಜ್ಯ ಸಂಘ ಅವನನ್ನು ಬೇಡವೆಂದು ಹೇಳಿಲ್ಲ. ಅದು ತನಗೂ ಸೇರಿದ್ದೆಂದು ಅವನಿಗೆ ಯಾರೂ ಹೇಳಿಲ್ಲ. 1918ರ ಪ್ರಶ್ನೆಯೇ ಇಲ್ಲಿಯೂ ಎದುರಾಗುತ್ತದೆ. ಬಾಗಿಲು ತೆರೆದಿದೆ, ಮೆಟ್ಟಿಲಿಲ್ಲ.

ಆ ಮೆಟ್ಟಿಲು ಕಟ್ಟುವುದು ನಮ್ಮ ಶಾಲೆಗಳಿಂದಲೂ ಸಂಘಗಳಿಂದಲೂ ಆಗಬೇಕಾದ ಕೆಲಸ. ಪ್ರೌಢಶಾಲೆಯ ಮಕ್ಕಳಿಗೆ ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಜಮಾ ಖರ್ಚು ಬರೆಯುವುದನ್ನು ಕಲಿಸೋಣ. ಹುಡುಗಿಯರನ್ನೂ ಇದರಲ್ಲಿ ಸೇರಿಸೋಣ. ಹೊಲಿಗೆ, ಊದುಬತ್ತಿ, ಉಪ್ಪಿನಕಾಯಿಯಿಂದ ಮನೆ ನಡೆಸುವ ತಾಯಂದಿರಿಗೂ ಲೆಕ್ಕ ಬೇಕು. ವರ್ಷಕ್ಕೊಮ್ಮೆಯಾದರೂ ವಾಣಿಜ್ಯ ಸಂಘದವರನ್ನೂ ಬ್ಯಾಂಕಿನವರನ್ನೂ ಶಾಲೆಗೆ ಕರೆಸಿ, ಪೋಷಕರ ಜೊತೆ ಕೂರಿಸೋಣ. ಅಂಗಡಿ ಇರುವ ತಂದೆಗೆ ಮಗನ ಹತ್ತನೆಯ ತರಗತಿಯ ಸರ್ಟಿಫಿಕೇಟು ನಷ್ಟದ ಬಾಬ್ತು ಅಲ್ಲ, ಬಂಡವಾಳ ಎಂದು ತಿಳಿಸಿ ಹೇಳೋಣ.

ಮುದ್ದೇನಹಳ್ಳಿಯ ತಂದೆಯಿಲ್ಲದ ಹುಡುಗನ ಕೈಯಲ್ಲಿ ಇದ್ದದ್ದು ಓದು ಮಾತ್ರ. ಆ ಓದಿನಿಂದ ತಾನೊಬ್ಬನೇ ಮೇಲೆ ಬಂದು ಸುಮ್ಮನಾಗದೆ, ನಾಡಿನ ಜನ ಸೇರಿ ಕುಳಿತು ಕೆಲಸ ಮಾಡುವ ಸಂಸ್ಥೆಗಳನ್ನು ಕಟ್ಟಿದ. ಕಟ್ಟಿದವರು ಹೋಗಿ ಅರವತ್ತು ವರ್ಷ ಮೀರಿದರೂ ಸಂಸ್ಥೆ ನಡೆಯುತ್ತಿದೆ. ಅದರೊಳಗೆ ಹೋಗಿ ಕೂರುವ ಯೋಗ್ಯತೆಯನ್ನು ನಮ್ಮ ಮಕ್ಕಳಿಗೆ ಕೊಡುವುದು ನಮ್ಮ ಪಾಲಿಗೆ ಉಳಿದ ಕೆಲಸ.